ಭಾನುವಾರದ ನಾಲ್ಕು ಮಾತು

ಭಾನುವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯಲ್ಲಿ ಯಾರೂ ನನ್ನನ್ನು ಕಾಫಿ ಕೇಳುವ ಹಾಗಿಲ್ಲ. ಮೂರೂವರೆಗೇ ಮಾಡಿ ಫ್ಲಾಸ್ಕಿಗೆ ಸುರಿದಿಟ್ಟಿರುತ್ತೇನೆ. ಬೇಕಾದವರು ಬಗ್ಗಿಸಿಕೊಂಡು ಕುಡಿಯಬೇಕು. ನಾಲ್ಕಕ್ಕೆ ಸರಿಯಾಗಿ ನಾನು ಹಿತ್ತಲ ಜಗುಲಿಯಲ್ಲಿ ಮಣೆ ಹಾಕಿಕೊಂಡು, ಕನ್ನಡಕ, ಮೊಬೈಲು, ಮಗ ಓದಿ ಬಿಟ್ಟ ಹಳೆಯ ನೋಟ್ ಪುಸ್ತಕ ಇಷ್ಟನ್ನೂ ಹರಡಿಕೊಂಡು ಕೂತುಬಿಟ್ಟಿರುತ್ತೇನೆ. "ಶುರುವಾಯ್ತಪ್ಪಾ ತಿಪಟೂರು ಆಕಾಶವಾಣಿ! ವಾರ್ತೆಗಳು, ಓದುತ್ತಿರುವವರು ನಿಮ್ಮಮ್ಮ" ಎಂದು ನಮ್ಮವರು ಮಗನ ಮುಂದೆ ಹಾಸ್ಯ ಮಾಡುತ್ತಾರೆ. ಮಾಡಿಕೊಳ್ಳಲಿ. ಆ ಮುಕ್ಕಾಲು ಗಂಟೆ ನನ್ನದು ಮತ್ತು ಸಾಗರದಲ್ಲಿರುವ ನನ್ನ ತಂಗಿಯದು.

ನಮ್ಮ ಕಟ್ಟಳೆ ಬಹಳ ಸುಲಭ. ವಾರದಲ್ಲಿ ಕಂಡದ್ದು, ಕೇಳಿದ್ದು, ಮಾಡಿ ನೋಡಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ನಾಲ್ಕು ಸಂಗತಿ ಹೇಳಬೇಕು. ಮನೆಗೆ ಒಂದು, ಮೈಗೆ ಒಂದು, ಒಲೆಗೆ ಒಂದು, ಕಣ್ಣಿಗೆ ಒಂದು. ಕಣ್ಣಿಗೆ ಎಂದರೆ ನೋಡಿದ ಸಿನಿಮಾನೋ ಧಾರಾವಾಹಿಯೋ. ಸೊಸೆಯ ದೂರು, ಬೀದಿಯ ಸುದ್ದಿ ಲೆಕ್ಕಕ್ಕಿಲ್ಲ. ನಾಲ್ಕು ಮುಗಿದ ಮೇಲೆ ಅವನ್ನೂ ಹೇಳಿಕೊಳ್ಳುತ್ತೇವೆ, ಅದು ಬೇರೆ ಮಾತು!

ಇದು ಶುರುವಾದದ್ದು ಮಾತ್ರ ಹಾಸ್ಯದಿಂದಲ್ಲ.

ಎರಡು ವರ್ಷದ ಹಿಂದೆ ಮಾಘಮಾಸದಲ್ಲಿ ತಂಗಿಯ ಯಜಮಾನರು ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿತಂತೆ. ಒಬ್ಬನೇ ಮಗ ಪುಣೆಯಲ್ಲಿದ್ದಾನೆ. "ಬಾಮ್ಮಾ, ಇಲ್ಲೇ ಇರು" ಎಂದು ಕರೆದುಕೊಂಡು ಹೋದ. ಇವಳು ಒಂದು ತಿಂಗಳಿದ್ದು ವಾಪಸು ಬಂದುಬಿಟ್ಟಳು. "ಯಾಕೆ ಪುಟ್ಟಿ, ಸೊಸೆ ಏನಾದ್ರೂ ಅಂದ್ಲಾ?" ಎಂದೆ. "ಇಲ್ಲಕ್ಕಾ, ಪಾಪ ಚೆನ್ನಾಗೇ ನೋಡಿಕೊಂಡ್ಲು. ಆದ್ರೆ ಹನ್ನೊಂದನೇ ಮಹಡಿಯಿಂದ ಮಳೆ ಕಾಣುತ್ತೆ, ಸದ್ದು ಕೇಳಲ್ಲ" ಎಂದಳು. ಸಾಗರದ ಹಂಚಿನ ಮನೆಯಲ್ಲಿ ಮೂವತ್ತು ಮಳೆಗಾಲ ಕಳೆದವಳಿಗೆ ಅದೊಂದು ಕಾರಣವೇ ಸಾಕಾಯಿತೇನೋ.

ಅಲ್ಲಿಂದ ಮುಂದೆ ನಾನು ದಿನಾ ಫೋನು ಮಾಡುತ್ತಿದ್ದೆ. "ಊಟ ಆಯ್ತಾ?" "ಆಯ್ತು." "ಏನಡುಗೆ?" "ಏನೋ ಒಂದು." "ಮತ್ತೇನು ವಿಶೇಷ?" "ಎಂತದೂ ಇಲ್ಲ." ಎರಡು ನಿಮಿಷದಲ್ಲಿ ಮಾತು ಮುಗಿಯುತ್ತಿತ್ತು. ಚಿಕ್ಕಂದಿನಲ್ಲಿ ಇವಳ ಬಾಯಿ ಮುಚ್ಚಿಸಲು ಅಮ್ಮ ಬೆಲ್ಲದ ಚೂರು ಕೊಡುತ್ತಿದ್ದಳು. ಅಂಥವಳ ಬಾಯಲ್ಲಿ ಈಗ ದಿನಕ್ಕೆ ನಾಲ್ಕು ಮಾತಿಲ್ಲ.

ಹೋದ ವರ್ಷ ಯುಗಾದಿಯ ಮುಂಚಿನ ವಾರ ಇಂಥದೇ ಒಂದು ಪತ್ರಿಕೆ ತಿರುವುತ್ತಾ ಕೂತಿದ್ದೆ. ಒಂದು ಪುಟದಲ್ಲಿ ಮನೆವಾರ್ತೆಯ ಸಲಹೆ, ಇನ್ನೊಂದರಲ್ಲಿ ಆರೋಗ್ಯ, ಮತ್ತೊಂದರಲ್ಲಿ ಹೊಸರುಚಿ, ಕೊನೆಗೆ ಸಿನಿಮಾ. ಪತ್ರಿಕೆಯವರು ಹದಿನೈದು ದಿನಕ್ಕೊಮ್ಮೆ ಇಷ್ಟೆಲ್ಲ ಹುಡುಕಿ ಕೊಡುವುದಾದರೆ, ವಾರಕ್ಕೆ ನಾಲ್ಕು ನನಗೆ ಸಿಗುವುದಿಲ್ಲವೇ ಅನ್ನಿಸಿತು. ಆ ಭಾನುವಾರವೇ ಫೋನು ಮಾಡಿ, "ಇನ್ನು ಮೇಲೆ ನಿನ್ನ ಊಟ ತಿಂಡಿ ಕೇಳಲ್ಲ. ನಾಲ್ಕು ಮಾತು ನಾನು ಹೇಳ್ತೀನಿ, ನಾಲ್ಕು ನೀನು ಹೇಳು" ಎಂದೆ. "ನನ್ನ ಹತ್ರ ಎಂತ ಇದೆ ಅಕ್ಕಾ ಹೇಳಕ್ಕೆ?" ಎಂದಳು. "ಇಲ್ಲದಿದ್ರೆ ಹೂಂ ಅನ್ನು" ಎಂದೆ. ಮೂರು ವಾರ ಬರೀ ಹೂಂ ಅಂದಳು.

ಮೊದಲ ವಾರ ನಾನು ಹೇಳಿದ ಮನೆಯ ಸಂಗತಿ ಕುಕ್ಕರಿನದು. ನಮ್ಮ ಕುಕ್ಕರಿಗೆ ಪಕ್ಕದಿಂದ ಹಬೆ ಬಂದು ಸೀಟಿಯೇ ಕೂಗುತ್ತಿರಲಿಲ್ಲ. ಯಾರೋ ಹೇಳಿದರೆಂದು ರಬ್ಬರನ್ನು ದಿನಾ ಫ್ರಿಜ್ಜಿನಲ್ಲಿಟ್ಟು ತೆಗೆಯುತ್ತಿದ್ದೆ. ಒಂದು ದಿನ ಕೆಲಸ ಮಾಡುತ್ತೆ, ಮಾರನೇ ದಿನ ಅದೇ ರಾಗ. ಪಾತ್ರೆ ಅಂಗಡಿಯವರು ನೋಡಿ, "ಸಡಿಲವಾದ ಗ್ಯಾಸ್ಕೆಟ್ಟಿಗೆ ಇನ್ನು ಉಪಚಾರ ಇಲ್ಲ ತಾಯಿ, ಬದಲಾಯಿಸೋದೇ. ನಿಮ್ಮ ಕುಕ್ಕರಿನ ಕಂಪನಿ, ಅಳತೆ ನೋಡಿ ಅದರದ್ದೇ ತಗೊಳ್ಳಿ" ಎಂದರು. ಜೊತೆಗೆ ಇನ್ನೊಂದು ಮಾತು ಹೇಳಿದರು. ಮುಚ್ಚಳದ ಮೇಲೆ ವೆಯ್ಟ್ ಕೂರುವ ಕೊಳವೆಯನ್ನು ಪ್ರತಿ ಸಲ ಬೆಳಕಿಗೆ ಹಿಡಿದು ನೋಡಬೇಕು, ತೂತು ಕಾಣಬೇಕು. ಬೇಳೆಯ ಸಿಪ್ಪೆ ಕೂತು ಅದು ಮುಚ್ಚಿಕೊಂಡರೆ ಅಪಾಯ. ಮೂವತ್ತೈದು ವರ್ಷದಿಂದ ಕುಕ್ಕರು ಇಡುತ್ತಿದ್ದೇನೆ, ಒಂದು ದಿನ ಬೆಳಕಿಗೆ ಹಿಡಿದವಳಲ್ಲ! ಇದನ್ನು ಹೇಳಿದಾಗ ಪುಟ್ಟಿ ಹೂಂ ಅಂದಳು.

ಎರಡನೇ ವಾರ, ಮಳೆ ಹಿಡಿಯುವ ಮೊದಲೇ ರವೆಯನ್ನು ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬಿದರೆ ಹುಳ ಬೀಳದೆ ಉಳಿಯುತ್ತದೆ ಎಂದೆ. ಹೆಸರುಕಾಳಿಗೆ ಚೂರು ಹರಳೆಣ್ಣೆ ಸವರಿಡು ಎಂದೆ. ಹೂಂ. ಮೂರನೇ ವಾರ, ಗ್ಯಾಸಿನ ಉರಿ ನೀಲಿ ಇರಬೇಕು, ಹಳದಿಯಾಗಿ ಪಾತ್ರೆಯ ತಳ ಮಸಿಯಾದರೆ ಬರ್ನರಿನ ತೂತು ಕಟ್ಟಿದೆ ಎಂದು ತಿಳಿ, ಎಂದೆ. ಅದಕ್ಕೂ ಹೂಂ. "ನಿನ್ನ ತಂಗಿ ಆ ಕಡೆ ಫೋನ್ ಇಟ್ಟು ಹೂ ಕಟ್ತಿರ್ತಾಳೆ" ಎಂದರು ನಮ್ಮವರು.

ನಾಲ್ಕನೇ ವಾರ ನಾನೊಂದು ಎಡವಟ್ಟು ಮಾಡಿಕೊಂಡೆ. ಕಣ್ಣಿಗೆ ಒಂದು ಎಂದು 'ಶರಪಂಜರ' ನೋಡು ಎಂದುಬಿಟ್ಟೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರು 1971ರಲ್ಲಿ ತೆಗೆದ ಚಿತ್ರ, ಕಲ್ಪನಾ ಕಾವೇರಿಯಾಗಿ ಅಭಿನಯಿಸಿದ್ದು ನಿಮಗೂ ನೆನಪಿರಬಹುದು. ಬಾಣಂತನದ ನಂತರ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಕಾವೇರಿಯ ಕಾಯಿಲೆ ಗುಣವಾಯಿತು, ಸುತ್ತಲಿನವರ ನೋಟ ಗುಣವಾಗಲಿಲ್ಲ. ಅದೇ ಅವಳನ್ನು ಮತ್ತೆ ಕೆಡವುತ್ತದೆ. ಫೋನು ಇಟ್ಟ ಮೇಲೆ ನಮ್ಮವರು, "ಅಳುತ್ತಿರೋಳಿಗೆ ಇನ್ನೂ ಅಳೋ ಚಿತ್ರ ಹೇಳಿದ್ಯಲ್ಲ, ನಿನಗೆ ಬುದ್ಧಿ ಇದೆಯಾ?" ಎಂದು ಬೈದರು. ನನಗೂ ಹೌದೆನ್ನಿಸಿ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ನಾಲ್ಕು ಹೊಡೆಯುವ ಮುಂಚೆಯೇ ಅವಳ ಫೋನು. "ಅಕ್ಕಾ, ಪೂರ್ತಿ ನೋಡಿದೆ. ಚೆನ್ನಾಗಿ ಅತ್ತೆ. ಆದ್ರೆ ಒಂದು ಗೊತ್ತಾ? ಇಷ್ಟು ದಿನದ ಮೇಲೆ ಮೊದಲನೇ ಸಲ ನನ್ನ ಸಲುವಾಗಿ ಅಲ್ಲ, ಕಾವೇರಿ ಸಲುವಾಗಿ ಅತ್ತೆ. ಅತ್ತ ಮೇಲೆ ಹಗುರಾಯ್ತು." ಆಮೇಲೆ ಮೆಲ್ಲಗೆ, "ನನ್ನನ್ನೂ ಈ ಬೀದಿಯವರು ಹಾಗೇ ನೋಡ್ತಾರೆ ಅಕ್ಕಾ. ಮಾತಾಡಿದ್ರೆ ಎಲ್ಲಿ ಅತ್ತುಬಿಡ್ತಾಳೋ ಅಂತ ಮಾತೇ ಆಡಿಸಲ್ಲ" ಎಂದಳು. ಅದುವರೆಗೆ ನಾನೂ ಹಾಗೇ ಮಾಡುತ್ತಿದ್ದೆನಲ್ಲ! ಊಟ ಆಯ್ತಾ ಎಂದು ಕೇಳಿ, ಉಳಿದದ್ದನ್ನು ಕೇಳಲು ಹೆದರಿ ಫೋನು ಇಡುತ್ತಿದ್ದೆ.

ಮೇ ತಿಂಗಳಲ್ಲಿ ಸಾಗರಕ್ಕೆ ಹೋದೆ. ಬಾಗಿಲು ತೆರೆದವಳನ್ನು ನೋಡಿ ಎದೆ ಧಸಕ್ಕೆಂದಿತು. ಮುಖ ಬಿಳಿಚಿಕೊಂಡಿದೆ, ತುಳಸಿಕಟ್ಟೆಯ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಅಡುಗೆಮನೆಗೆ ಹೋದರೆ ಒಲೆಯ ಮೇಲೆ ಕಾಫಿ ಪಾತ್ರೆ ಒಂದೇ. ಡಬ್ಬದಲ್ಲಿ ಅವಲಕ್ಕಿ, ಬುಟ್ಟಿಯಲ್ಲಿ ಬ್ರೆಡ್ಡು. "ಒಬ್ಬಳಿಗೇನು ಅಡುಗೆ ಮಾಡೋದು ಅಕ್ಕಾ" ಎಂದಳು. ಎರಡು ಹೊತ್ತು ಕಲಸಿದ ಅವಲಕ್ಕಿ, ನಾಲ್ಕು ಸಲ ಕಾಫಿ. ಅದೇ ಅವಳು ಫೋನಿನಲ್ಲಿ ಹೇಳುತ್ತಿದ್ದ 'ಆಯ್ತು'.

ಮಾರನೇ ದಿನವೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.4 ಬಂತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದೇ ಲೆಕ್ಕ. ಡಾಕ್ಟರಮ್ಮ ಬಹಳ ಸಮಾಧಾನದಿಂದ ತಿಳಿಸಿ ಹೇಳಿದರು. ಮುಟ್ಟು ನಿಂತ ವಯಸ್ಸಿನಲ್ಲಿ ರಕ್ತ ಕಡಿಮೆಯಾದರೆ ಊಟದ ಕೊರತೆ ಎಂದು ಸುಮ್ಮನಾಗಬಾರದು, ಮೂಲವ್ಯಾಧಿಯೋ ಹೊಟ್ಟೆಯ ಹುಣ್ಣೋ ಮತ್ತೇನೋ, ಒಳಗೆಲ್ಲಾದರೂ ರಕ್ತ ಹೋಗುತ್ತಿದೆಯೇ ಎಂದು ನೋಡಲೇಬೇಕು ಎಂದು ಇನ್ನೆರಡು ಪರೀಕ್ಷೆ ಮಾಡಿಸಿದರು. ದೇವರ ದಯೆ, ಅಂಥದ್ದೇನೂ ಇರಲಿಲ್ಲ. ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದನ್ನು ಕಾಫಿ, ಹಾಲಿನ ಜೊತೆ ನುಂಗಬಾರದು. ನಿಂಬೆ ಪಾನಕದ ಜೊತೆಯಾದರೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬಾರದು, ಮಾತ್ರೆಯಿಂದ ಹಾಗಾಗುತ್ತದೆ ಎಂದರು. ಕೊನೆಗೆ ಕೇಳಿದರು, "ಊಟವಾದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಇದೆಯಾ?" ಕಾಫಿ, ಟೀಯಲ್ಲಿರುವ ಒಗರಿನ ಅಂಶ ಊಟದಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರ ಬೇಕು. ಸೊಪ್ಪು, ಕಾಳಿನ ಮೇಲೆ ನಿಂಬೆರಸ ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಮನಸ್ಸಿನ ಮಾತು ಬಂದಾಗ ಡಾಕ್ಟರಮ್ಮ ಚೀಟಿಯ ಹಿಂದೆ 14416 ಎಂದು ಬರೆದುಕೊಟ್ಟರು. 'ಟೆಲಿ ಮಾನಸ್' ಎಂದು ಸರ್ಕಾರದ ಫೋನು ಸೇವೆ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು; ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಅದರ ಮುಂದಾಳು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ನಿಮ್ಮಕ್ಕ ಭಾನುವಾರ ಸಿಗ್ತಾರೆ, ಬುಧವಾರ ರಾತ್ರಿ ಎರಡು ಗಂಟೆಗೆ ಬೇಕೆನ್ನಿಸಿದ್ರೆ ಇದು" ಎಂದರು. ಪುಟ್ಟಿ ಎರಡು ಸಲ ಮಾಡಿದ್ದಳೆಂದು ನನಗೆ ಎಷ್ಟೋ ದಿನದ ಮೇಲೆ ಹೇಳಿದಳು.

ಇನ್ನು ನನ್ನ ಮರ್ಯಾದೆ ಹೋದ ಕಥೆ ಕೇಳಿ. "ಬಂದಿದ್ದೀರಲ್ಲ, ನೀವೂ ಒಮ್ಮೆ ರಕ್ತ ಕೊಟ್ಟುಬಿಡಿ" ಎಂದರು ಡಾಕ್ಟರು. "ನನಗೇನು ದಾಡಿ, ಗುಂಡುಕಲ್ಲಿನ ಹಾಗಿದ್ದೀನಿ" ಎಂದು ಕೈ ಚಾಚಿದೆ. ಬಂದದ್ದು 10.2! ತಂಗಿಗೆ ವಾರವಾರ ಉಪದೇಶ ಹೊಡೆಯುವ ಅಕ್ಕ ತಾನು ಮಾಡುತ್ತಿದ್ದದ್ದೇನು? ಎಲ್ಲರಿಗೂ ಬಡಿಸಿ, ಕೊನೆಗೆ ತಳದ ಸಾರಿಗೆ ಎರಡು ತುತ್ತು ಕಲಸಿ, ಕೈ ತೊಳೆದ ತಕ್ಷಣ ಲೋಟದ ತುಂಬ ಕಾಫಿ. ಪಲ್ಯ ಮುಗಿದಿದ್ದರೆ ಉಪ್ಪಿನಕಾಯಿ. ಒಬ್ಬಳೇ ಇದ್ದವಳು ತನಗೆಂದು ಮಾಡಿಕೊಳ್ಳಲಿಲ್ಲ, ಮನೆ ತುಂಬ ಜನರಿದ್ದವಳು ತನಗೆಂದು ಉಳಿಸಿಕೊಳ್ಳಲಿಲ್ಲ. ಇಬ್ಬರದೂ ಒಂದೇ ಕಾಯಿಲೆ. ಪುಟ್ಟಿ ಎರಡು ಚೀಟಿಗಳನ್ನೂ ಪಕ್ಕಪಕ್ಕ ಹಿಡಿದು ನಗತೊಡಗಿದಳು. ಎಷ್ಟು ದಿನವಾಗಿತ್ತೋ ಆ ನಗು ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಅಂದಮೇಲೆ ಇದನ್ನು ಓದುತ್ತಿರುವ ನಿಮ್ಮಲ್ಲೂ ಎಷ್ಟು ಮಂದಿ ಗುಂಡುಕಲ್ಲುಗಳಿದ್ದೀರೋ!

ಊರಿಗೆ ಬರುವ ಮುಂಚೆ ಒಬ್ಬರಿಗಾಗುವಷ್ಟೇ ನುಗ್ಗೆಸೊಪ್ಪಿನ ಪಲ್ಯ ಮಾಡಿ ತೋರಿಸಿದೆ. ನೀವೂ ಬರೆದುಕೊಳ್ಳಿ. ಎರಡು ದೊಡ್ಡ ಚಮಚ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಹಾಕಿ. ಸಣ್ಣ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಒಂದು ಒಣಮೆಣಸಿನಕಾಯಿ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಹೆಚ್ಚಿದ ಒಂದು ಸಣ್ಣ ಈರುಳ್ಳಿ ಬಾಡಿಸಿ. ಬೇಳೆ, ಅರ್ಧ ಲೋಟ ನೀರು ಹಾಕಿ ಮುಚ್ಚಿ, ಬೆರಳಲ್ಲಿ ಒತ್ತಿದರೆ ಅಮುಕುವಷ್ಟು ಬೇಯಲಿ. ಆಮೇಲೆ ಬಿಡಿಸಿ ತೊಳೆದ ಎರಡು ಹಿಡಿ ಸೊಪ್ಪು, ಉಪ್ಪು, ಚಿಟಿಕೆ ಅರಿಸಿನ. ಸಣ್ಣ ಉರಿಯಲ್ಲಿ ಐದಾರು ನಿಮಿಷ ಸಾಕು. ಇಳಿಸಿ ಒಂದು ಹಿಡಿ ತೆಂಗಿನತುರಿ ಬೆರೆಸಿ. ನಿಂಬೆರಸವನ್ನು ಒಲೆಯ ಮೇಲಿದ್ದಾಗ ಹಿಂಡಬೇಡಿ, ಬಿಸಿಗೆ ಅದರ ಸತ್ವ ಹೋಗುತ್ತದೆ. ತಟ್ಟೆಗೆ ಹಾಕಿಕೊಂಡ ಮೇಲೆ ಹಿಂಡಿಕೊಳ್ಳಿ. ಬಿಸಿ ಅನ್ನಕ್ಕೂ ಸರಿ, ನಮ್ಮ ಕಡೆಯ ರಾಗಿರೊಟ್ಟಿಗೂ ಸರಿ.

ಪಲ್ಯ ಕಲಿತಳು, ಆದರೆ ಅನ್ನ ಮಾಡುತ್ತಿರಲಿಲ್ಲ. ಬ್ರೆಡ್ಡಿನ ಜೊತೆ ಪಲ್ಯ ತಿನ್ನುತ್ತಿದ್ದಾಳೆಂದು ತಿಳಿದು ಬೈದೆ. ಏಕೆಂದು ಅವಳೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಶ್ರಾವಣದ ಒಂದು ಭಾನುವಾರ. ನಾನು ಪುಸ್ತಕ ತೆರೆಯುತ್ತಿದ್ದಂತೆ, "ಅಕ್ಕಾ ತಡಿ, ಇವತ್ತು ಮನೆಯದ್ದು ನಾನು ಹೇಳ್ತೀನಿ" ಎಂದಳು. ಹಬ್ಬಕ್ಕೆಂದು ಅಟ್ಟದ ಪಾತ್ರೆ ಇಳಿಸಿದಾಗ ಅವಳ ಅತ್ತೆಯ ಕಾಲದ ಹಿತ್ತಾಳೆಯ ಅರೆಪಾವು ಸಿಕ್ಕಿತಂತೆ. ಹುಣಸೆಹಣ್ಣು ಹಾಕಿ ಬೆಳಗಿ ಅಕ್ಕಿಡಬ್ಬದಲ್ಲಿ ಇಟ್ಟಳಂತೆ.

"ಅದೇನು ವಿಶೇಷ?" ಎಂದೆ.

"ನಮ್ಮಿಬ್ಬರಿಗೆ ದಿನಾ ಒಂದು ಪಾವು ಅಕ್ಕಿ ಅಕ್ಕಾ. ಇಪ್ಪತ್ತೊಂಬತ್ತು ವರ್ಷ ಅಳೆದ ಕೈ. ಅವರು ಹೋದ ಮೇಲೂ ಕೈ ತಾನಾಗಿ ಪಾವು ತುಂಬೋದು. ಆಮೇಲೆ ನೆನಪಾಗಿ ಅರ್ಧ ವಾಪಸು ಡಬ್ಬಕ್ಕೆ ಸುರಿಬೇಕು. ಆ ಸುರಿಯೋದೇ ನನ್ನ ಕೈಲಿ ಆಗ್ತಿರಲಿಲ್ಲ. ಅದಕ್ಕೇ ಅನ್ನ ಬಿಟ್ಟೆ. ಈಗ ಅರೆಪಾವು ತುಂಬಿದ್ರೆ ಮುಗೀತು. ವಾಪಸು ಸುರಿಯೋ ಹಾಗೇ ಇಲ್ಲ."

ನನಗೆ ಮಾತು ಹೊರಡಲಿಲ್ಲ. ಈ ಸಲ ಹೂಂ ಅಂದವಳು ನಾನು.

ಒಂದೂವರೆ ವರ್ಷ ನಾನು ಊಟ ಆಯ್ತಾ ಎಂದು ಕೇಳುತ್ತಲೇ ಇದ್ದೆ. ಊಟ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ನನಗೆ ಗೊತ್ತಾಗಲಿಲ್ಲ. ಅವಳೇ ಹುಡುಕಿಕೊಂಡಳು.

ಅಲ್ಲಿಂದ ಅವಳ ನಾಲ್ಕು ಮಾತು ನನ್ನ ನಾಲ್ಕಕ್ಕಿಂತ ಉದ್ದವಾದವು. 'ಮಾಲ್ಗುಡಿ ಡೇಸ್' ನೋಡತೊಡಗಿದಳು. ಆರ್. ಕೆ. ನಾರಾಯಣರ ಕಥೆಗಳು, ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದದ್ದು, 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದಾಗ ನಾವೆಲ್ಲ ಪಕ್ಕದ ಮನೆಯ ಕಿಟಕಿಯಲ್ಲಿ ನಿಂತು ನೋಡಿದ್ದು. ಈಗ ಮಗ ಅವಳ ಮೊಬೈಲಿನಲ್ಲೇ ಬರುವ ಹಾಗೆ ಮಾಡಿಕೊಟ್ಟಿದ್ದಾನೆ. "ಮದುವೆಯಾದ ಹೊಸದರಲ್ಲಿ ಇವರು ನನ್ನನ್ನ ಆಗುಂಬೆಗೆ ಕರಕೊಂಡು ಹೋಗಿದ್ರು ಅಕ್ಕಾ. ಎಲ್ರೂ ಸೂರ್ಯಾಸ್ತ ನೋಡಕ್ಕೆ ಓಡಿದ್ರೆ ಇವರು ಸ್ವಾಮಿಯ ಮನೆ ಯಾವುದು ಅಂತ ಬೀದಿ ಬೀದಿ ಕೇಳ್ತಾ ನಿಂತ್ರು. ಸೂರ್ಯ ಮುಳುಗೇ ಹೋದ!" ಎಂದು ನಕ್ಕಳು. ಅವರು ಹೋದ ಮೇಲೆ ಅವರ ಮಾತೆತ್ತಿ ಅವಳು ನಕ್ಕದ್ದು ಅದೇ ಮೊದಲು.

ಗೌರಿಹಬ್ಬ ಹತ್ತಿರ ಬಂತು. ನಮ್ಮಣ್ಣ ಪ್ರತಿ ವರ್ಷ ಇಬ್ಬರಿಗೂ ಬಾಗಿನದ ದುಡ್ಡು ಕಳಿಸುತ್ತಾನೆ. ಅದರ ಹಿಂದಿನ ಗೌರಿಗೆ ನನಗೊಬ್ಬಳಿಗೇ ಬಂದಿತ್ತು. ನಾನೂ ಬಾಯಿಬಿಟ್ಟಿರಲಿಲ್ಲ, ಅವಳೂ ಕೇಳಿರಲಿಲ್ಲ. ಈ ಸಲ ಅಣ್ಣನಿಗೆ ಫೋನು ಮಾಡಿದೆ. "ಮರೆತದ್ದಲ್ಲಮ್ಮ. ಶಾಸ್ತ್ರಕ್ಕೆ ಬರುತ್ತೋ ಇಲ್ವೋ, ಕಳಿಸಿದ್ರೆ ಅವಳಿಗೆ ನೋವಾಗುತ್ತೋ ಅಂತ ಸುಮ್ಮನಾದೆ" ಎಂದ. "ಮುತ್ತೈದೆತನ ಹೋಗಿರಬಹುದು ಅಣ್ಣಾ, ತವರು ಹೋಗಿಲ್ಲವಲ್ಲ. ಬಾಗಿನ ಅನ್ನಬೇಡ, ತವರಿನ ಉಡುಗೊರೆ ಅನ್ನು. ಕಳಿಸದಿದ್ರೆ ಆಗೋ ನೋವು ನಿನಗೆ ಗೊತ್ತಿಲ್ಲ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ" ಎಂದ.

ಹಬ್ಬ ಕಳೆದ ಭಾನುವಾರ ನನ್ನ ಪುಸ್ತಕದಲ್ಲಿ ಬರೆದುಕೊಂಡದ್ದು ಹೀಗಿದೆ. ಮನೆಗೆ: ಉಪ್ಪಿನ ಜಾಡಿಗೆ ನಾಲ್ಕು ಕಾಳು ಅಕ್ಕಿ ಹಾಕಿದರೆ ಮಳೆಗಾಲದಲ್ಲೂ ಉದುರುದುರಾಗಿರುತ್ತದೆ. ಮೈಗೆ: ಪುಟ್ಟಿಯ ಹಿಮೋಗ್ಲೋಬಿನ್ 10.9, ನನ್ನದು 11.6, ಡಾಕ್ಟರು ಹೇಳುವ ತನಕ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಕಣ್ಣಿಗೆ: ಮಾಲ್ಗುಡಿ, ಸ್ವಾಮಿಯ ಕಥೆಗಳು ಮತ್ತೊಮ್ಮೆ. ಒಲೆಗೆ ಏನು ಬರೆಯಲಿ ಎಂದು ಕೇಳಿದಾಗ ಅವಳು ಹೇಳಿದ್ದು:

"ಅಣ್ಣ ಅತ್ತಿಗೆ ಹೇಳದೆ ಕೇಳದೆ ಬಸ್ಸಿಳಿದು ಬಂದ್ರು ಅಕ್ಕಾ. ಸೀರೆ, ತೆಂಗಿನಕಾಯಿ, ಬಾಳೆಹಣ್ಣು ಎಲ್ಲ ಹೊತ್ತುಕೊಂಡು. ನುಗ್ಗೆಸೊಪ್ಪಿನ ಪಲ್ಯ, ತಿಳಿಸಾರು, ಶಾವಿಗೆ ಪಾಯಸ ಮಾಡಿದೆ. ಅಣ್ಣ ಎರಡನೇ ಸಲ ಅನ್ನ ಹಾಕಿಸ್ಕೊಂಡ."

"ಅಷ್ಟು ಅನ್ನ ಎಲ್ಲಿತ್ತೇ? ಪಾವಿನಲ್ಲಿ ಅಳೆದ್ಯಾ?"

"ಇಲ್ಲ. ಅರೆಪಾವಿನಲ್ಲೇ ಮೂರು ಸಲ."

ಅದನ್ನೇ ಬರೆದುಕೊಂಡೆ. ಒಲೆಗೆ: ಅರೆಪಾವು, ಮೂರು ಸಲ.

ನಿಮಗೂ ದೂರದೂರಿನಲ್ಲಿ ಒಬ್ಬ ತಂಗಿಯೋ, ಅತ್ತಿಗೆಯೋ, ಹಳೆಯ ಗೆಳತಿಯೋ ಇದ್ದೇ ಇರುತ್ತಾಳೆ. ಕೇಳಿದಾಗಲೆಲ್ಲ ಊಟ ಆಯ್ತು ಎನ್ನುತ್ತಾಳೆ. ಬರುವ ಭಾನುವಾರ ಅವಳಿಗೆ ಫೋನು ಮಾಡಿ, ನಿಮ್ಮ ಕುಕ್ಕರಿನ ಕಥೆ ಹೇಳಿ. ಮೊದಮೊದಲು ಹೂಂ ಎಂದಾಳು, ಬಿಡಬೇಡಿ. ಮತ್ತೆ, ಫೋನು ಮಾಡುವ ಮುಂಚೆ ನೀವು ಹೊಟ್ಟೆ ತುಂಬ ಊಟ ಮಾಡಿರಿ. ಕಾಫಿ ಮಾತ್ರ ಒಂದು ಗಂಟೆ ಬಿಟ್ಟು!